ಹೊಸ ಕೆಲಸ, ಡವಡವ ಎನ್ನುವ ಎದೆ



ವಾರದ ದಿನ ನಡೆಯುತ್ತಿದ್ದ ನಮ್ಮ ಅನೇಕ ಸಂಘಗಳ ಸಭೆ ಈಗ ಭಾನುವಾರಕ್ಕೆ ಬದಲಾಗಿದೆ. ಕಾರಣ ನಿಮಗೇ ಗೊತ್ತು. ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆ ಗಾರ್ಮೆಂಟ್ಸ್ ಫ್ಯಾಕ್ಟರಿಗಳು ಬಂದ ಮೇಲೆ ಬೆಳಿಗ್ಗೆ ಊರ ಬಾಗಿಲಿಗೇ ವ್ಯಾನು ಬರುತ್ತದೆ. ಮಳೆ ಕೈಕೊಟ್ಟ ವರ್ಷ, ಮಕ್ಕಳ ಕಾಲೇಜು ಫೀಸು ಕಟ್ಟಬೇಕಾದ ವರ್ಷ, ಯಜಮಾನರು ಹಾಸಿಗೆ ಹಿಡಿದ ವರ್ಷ ನಮ್ಮ ಸದಸ್ಯೆಯರು ಆ ವ್ಯಾನು ಹತ್ತುತ್ತಾರೆ. ಕೆಲಸ ಸಿಕ್ಕಿತು ಎಂದು ಸಂತೋಷಪಡುವಷ್ಟರಲ್ಲಿ ಇನ್ನೊಂದು ಮಾತು ಸಭೆಯಲ್ಲಿ ಕೇಳಿಬರುತ್ತದೆ. "ಎದೆ ಡವಡವ ಅಂತ ಹೊಡ್ಕತದೆ ಸಿಸ್ಟರೇ." "ಕೈಬೆರಳೆಲ್ಲಾ ಜೋಮು ಹಿಡ್ದಂಗಾಯ್ತದೆ." "ಉಸಿರು ಪೂರ್ತಿ ಒಳಕ್ಕೇ ಹೋಗಲ್ಲ, ಇಲ್ಲೇ ನಿಂತ್ಕತದೆ." "ತಲೆ ಸುತ್ತಿ ಮೆಷಿನ್ ಮೇಲೇ ಬೀಳ್ತೀನೇನೋ ಅನ್ನುಸ್ತದೆ."

ಇದನ್ನು ಹೇಳುವವರ ಕಣ್ಣಲ್ಲಿ ಒಂದೇ ಭಯ. ಹಾರ್ಟಿನ ತೊಂದರೆ ಇರಬಹುದೇ? ನನಗೇನಾದರೂ ಆದರೆ ಮಕ್ಕಳ ಗತಿ ಏನು? ಕೆಲವರು ಸಂಘದಿಂದ ತುರ್ತು ಸಾಲ ತೆಗೆದು ಖಾಸಗಿ ನರ್ಸಿಂಗ್ ಹೋಂಗೆ ಹೋಗಿ, ಇಸಿಜಿ, ಎಕೋ, ಸ್ಕ್ಯಾನಿಂಗ್ ಎಲ್ಲಾ ಮಾಡಿಸಿ, "ಏನೂ ಇಲ್ಲಮ್ಮ, ಟೆನ್ಷನ್ ಮಾಡ್ಕೋಬೇಡಿ" ಅನ್ನಿಸಿಕೊಂಡು ಬರುತ್ತಾರೆ. ರೋಗ ಏನೆಂದು ತಿಳಿಯಲಿಲ್ಲ, ಸಾಲ ಮಾತ್ರ ಉಳಿಯಿತು. ಇನ್ನು ಕೆಲವರು ಯಾರಿಗೂ ಹೇಳದೆ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾರೆ. ಮತ್ತೆ ಕೆಲವರು ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿಕೊಂಡು ಹಾಗೇ ಎಳೆಯುತ್ತಾರೆ. ಈ ಮೂರೂ ದಾರಿ ಬೇಕಾಗಿಲ್ಲ ಎಂದು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇವೆ.

ಹೆದರಿದಾಗ ದೇಹ ಏನು ಮಾಡುತ್ತದೆ?

ಗದ್ದೆ ಬದುವಿನ ಮೇಲೆ ನಡೆಯುವಾಗ ಕಾಲ ಹತ್ತಿರ ಹಾವು ಸರಿದು ಹೋಯಿತು ಅಂದುಕೊಳ್ಳಿ. ನೀವು ಯೋಚನೆ ಮಾಡುವ ಮೊದಲೇ ದೇಹ ಎಚ್ಚರಗೊಳ್ಳುತ್ತದೆ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಗ್ರಂಥಿಯಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಜೋರಾಗುತ್ತದೆ, ಓಡಲಿಕ್ಕೆ ಬೇಕು ಅಂತ ರಕ್ತ ಕೈಕಾಲಿನ ಕಡೆ ಹರಿಯುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ಬೆವರು ಬರುತ್ತದೆ. ಹಾವು ಹೋದ ಮೇಲೆ ಸ್ವಲ್ಪ ಹೊತ್ತಿನಲ್ಲಿ ಎಲ್ಲಾ ತಣ್ಣಗಾಗುತ್ತದೆ. ಇದು ದೇವರು ಕೊಟ್ಟ ರಕ್ಷಣೆ.

ಹೊಸ ಕೆಲಸದಲ್ಲಿ ಆಗುವುದೂ ಇದೇ. ಆದರೆ ಅಲ್ಲಿ ಹಾವು ಸರಿದು ಹೋಗುವುದಿಲ್ಲ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಬೋರ್ಡ್ ಮೇಲೆ ಇದ್ದೇ ಇರುತ್ತದೆ, ಸೂಪರ್‌ವೈಸರ್ ಬೆನ್ನ ಹಿಂದೆ ನಿಂತೇ ಇರುತ್ತಾರೆ. ಕೈ ಇನ್ನೂ ಪಳಗಿರುವುದಿಲ್ಲ. ನಮ್ಮ ಕೈಯಿಂದ ಪೀಸು ಮುಂದಕ್ಕೆ ಹೋಗದಿದ್ದರೆ ಇಡೀ ಲೈನು ಕಾಯಬೇಕು, ಎಲ್ಲರೂ ತಿರುಗಿ ನೋಡುತ್ತಾರೆ. ಹೀಗೆ ದಿನಕ್ಕೆ ಎಂಟು ಗಂಟೆ ಆ ಎಚ್ಚರದ ಗಂಟೆ ಹೊಡೆಯುತ್ತಲೇ ಇದ್ದರೆ ಎದೆ ಡವಡವ ಅನ್ನದೆ ಇನ್ನೇನು?

ಬೆರಳು ಜೋಮು ಹಿಡಿಯುವುದಕ್ಕೂ ಕಾರಣ ಇದೆ. ಗಾಬರಿಯಾದಾಗ ನಮಗೆ ತಿಳಿಯದ ಹಾಗೆ ಉಸಿರಾಟ ಬೇಗಬೇಗ ಆಗುತ್ತದೆ. ಆಗ ರಕ್ತದಲ್ಲಿ ಇರಬೇಕಾದ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗುತ್ತದೆ. ಅದು ಕಡಿಮೆಯಾದರೆ ಬೆರಳ ತುದಿ ಮತ್ತು ತುಟಿಯ ಸುತ್ತ ಜುಮುಜುಮು ಅನ್ನುತ್ತದೆ, ತಲೆ ಹಗುರವಾಗಿ ತೇಲಿದ ಹಾಗಾಗುತ್ತದೆ. ಉಸಿರು ಸಾಲದು ಅಂತ ಇನ್ನೂ ಜೋರಾಗಿ ಎಳೆದುಕೊಳ್ಳುತ್ತೇವೆ, ಜೋಮು ಇನ್ನೂ ಹೆಚ್ಚಾಗುತ್ತದೆ. ಅಂಥ ಹೊತ್ತಿನಲ್ಲಿ ಕೂತುಕೊಂಡು, ಮನಸ್ಸಿನಲ್ಲಿ 4 ಎಣಿಸುತ್ತಾ ಮೂಗಿನಿಂದ ಉಸಿರು ತೆಗೆದುಕೊಂಡು, 6 ಎಣಿಸುತ್ತಾ ನಿಧಾನವಾಗಿ ಬಿಡಿ. ಬಿಡುವ ಉಸಿರು ಉದ್ದವಾಗಿರಬೇಕು. ಐದು ನಿಮಿಷ ಹೀಗೆ ಮಾಡಿದರೆ ಬಹಳ ಜನರಿಗೆ ಇಳಿಯುತ್ತದೆ. ಇಳಿದರೂ ಒಮ್ಮೆ ತಪಾಸಣೆ ಬಿಡಬೇಡಿ.

ಮನೆಯಲ್ಲಿ "ನಾಟಕ ಆಡ್ತಾಳೆ", "ಕೆಲಸ ಕದಿಯೋಕೆ ನೆಪ" ಅನ್ನುವವರಿಗೆ ಒಂದು ಮಾತು. ಇದು ನಾಟಕ ಅಲ್ಲ. ಚಿಂತೆಯಿಂದ ಬಂದ ಎದೆಬಡಿತವೂ ನಿಜವಾದ ಎದೆಬಡಿತವೇ. ದೃಷ್ಟಿ ಆಗಿದೆ, ಗಾಳಿ ಸೋಕಿದೆ ಎಂದು ದಾರ ಕಟ್ಟಿಸುವವರೂ ಇದ್ದಾರೆ. ಪ್ರಾರ್ಥನೆ ಮಾಡಿ, ಬೇಡ ಅನ್ನುವುದಿಲ್ಲ. ಜೊತೆಗೆ ರಕ್ತ ಪರೀಕ್ಷೆಯನ್ನೂ ಮಾಡಿಸಿ.

ಬರೀ ಟೆನ್ಷನ್ ಎಂದು ಬಿಡಬೇಡಿ

ಯಾಕೆಂದರೆ ಇದೇ ಲಕ್ಷಣಗಳು ಬೇರೆ ಕಾರಣದಿಂದಲೂ ಬರುತ್ತವೆ. ಅದರಲ್ಲಿ ಮೊದಲನೆಯದು ರಕ್ತಹೀನತೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ 100 ಹೆಂಗಸರಲ್ಲಿ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ಅಂದರೆ 20 ಜನರ ಸಂಘದಲ್ಲಿ ಒಂಬತ್ತು ಹತ್ತು ಜನ! ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಆಮ್ಲಜನಕ ಸಾಗಿಸುವ ಗಾಡಿಗಳೇ ಕಡಿಮೆ ಇದ್ದ ಹಾಗೆ. ಇರುವ ಗಾಡಿಗಳನ್ನೇ ಹೃದಯ ಬೇಗಬೇಗ ಓಡಿಸಬೇಕು. ಆದ್ದರಿಂದ ಎದೆ ಹೊಡೆದುಕೊಳ್ಳುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು, ತಲೆಸುತ್ತು, ಸುಸ್ತು. ಹೊಲದಲ್ಲಿ ನಿಧಾನವಾಗಿ ಕೆಲಸ ಮಾಡುವಾಗ ಗೊತ್ತಾಗದ ಕೊರತೆ ಫ್ಯಾಕ್ಟರಿಯ ವೇಗದಲ್ಲಿ ಗೊತ್ತಾಗಿಬಿಡುತ್ತದೆ.

ಹಿಮೋಗ್ಲೋಬಿನ್ 12 ಅಥವಾ ಅದಕ್ಕಿಂತ ಹೆಚ್ಚು ಇರಬೇಕು. 8ಕ್ಕಿಂತ ಕಡಿಮೆ ಇದ್ದರೆ ಅದು ತೀವ್ರ ರಕ್ತಹೀನತೆ, ತಡಮಾಡದೆ ಡಾಕ್ಟರ ಹತ್ತಿರ ಹೋಗಬೇಕು. ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗುತ್ತದೆ, ಕಬ್ಬಿಣಾಂಶದ ಮಾತ್ರೆಯನ್ನೂ ಅಲ್ಲೇ ಕೊಡುತ್ತಾರೆ. ಮಾತ್ರೆ ತೆಗೆದುಕೊಂಡರೆ ಮಲ ಕಪ್ಪಗಾಗುತ್ತದೆ, ಅದಕ್ಕೆ ಹೆದರಿ ನಿಲ್ಲಿಸುವವರು ಬಹಳ. ಹೆದರಬೇಡಿ, ಅದು ಕಬ್ಬಿಣದ ಬಣ್ಣ. ವಾಕರಿಕೆ ಬಂದರೆ ರಾತ್ರಿ ಊಟದ ನಂತರ ತೆಗೆದುಕೊಳ್ಳಿ. ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಟೀ ಕಾಫಿ ಬೇಡ, ಟೀ ಕಬ್ಬಿಣಾಂಶವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ ಸೇರಿಸುತ್ತವೆ. ಸುಸ್ತು ಹೋದ ಕೂಡಲೇ ಬಿಡಬಾರದು. ಡಾಕ್ಟರು ಹೇಳಿದಷ್ಟು ತಿಂಗಳು ಮುಗಿಸಬೇಕು. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದ್ದರೆ ನಾಚಿಕೆಪಡದೆ ಹೇಳಿ. ತೂತು ಬಿದ್ದ ಕೊಡಕ್ಕೆ ನೀರು ತುಂಬಿ ಪ್ರಯೋಜನವಿಲ್ಲ.

ಥೈರಾಯ್ಡ್ ಹೆಚ್ಚಾದಾಗಲೂ ಎದೆಬಡಿತ, ಕೈನಡುಕ ಬರುತ್ತದೆ, ಚೆನ್ನಾಗಿ ಉಂಡರೂ ತೂಕ ಇಳಿಯುತ್ತದೆ. ಬಿಪಿ, ಸಕ್ಕರೆಯನ್ನೂ ಒಮ್ಮೆ ನೋಡಿಸಿಕೊಳ್ಳಬೇಕು.

ಇನ್ನು ಕೆಲವು ಕಾರಣಗಳು ಫ್ಯಾಕ್ಟರಿಯಲ್ಲೇ ಹುಟ್ಟುತ್ತವೆ. ಟಾಯ್ಲೆಟ್‌ಗೆ ಎದ್ದರೆ ಬೈಯುತ್ತಾರೆ ಅಂತ ಬೆಳಿಗ್ಗೆಯಿಂದ ನೀರೇ ಕುಡಿಯದವರನ್ನು ನಾವು ಕಂಡಿದ್ದೇವೆ. ನೀರು ಕಡಿಮೆಯಾದರೆ ತಲೆಸುತ್ತು ಬರುತ್ತದೆ, ಮೂತ್ರ ತಡೆದರೆ ಉರಿಮೂತ್ರ, ಜ್ವರ. ಕುಡಿಯುವ ನೀರು, ಹೆಂಗಸರಿಗೆ ಬೇರೆ ಶೌಚಾಲಯ ಒದಗಿಸಬೇಕು ಎನ್ನುವುದು ಕಾನೂನು, ಯಾರೂ ದಯೆಯಿಂದ ಕೊಡುವುದಲ್ಲ. ಖಾಲಿ ಹೊಟ್ಟೆಗೆ ಟೀ ಮತ್ತು ನೋವಿನ ಮಾತ್ರೆ ಹಾಕಿದರೆ ಎದೆ ಉರಿಯುತ್ತದೆ, ಅದನ್ನೇ ಹಾರ್ಟ್ ನೋವು ಅಂದುಕೊಳ್ಳುವವರು ಇದ್ದಾರೆ. ದಿನವಿಡೀ ಬಗ್ಗಿ ಹೊಲಿದರೆ ಭುಜ, ಪಕ್ಕೆ ನೋಯುತ್ತದೆ. ಅಂಥ ನೋವು ಸಾಮಾನ್ಯವಾಗಿ ಒತ್ತಿದ ಕಡೆ, ಕೈ ತಿರುಗಿಸಿದಾಗ ಹೆಚ್ಚಾಗುತ್ತದೆ.

ಆದರೆ ಕೆಲವು ಲಕ್ಷಣಕ್ಕೆ ಉಸಿರು ಎಣಿಸುತ್ತಾ ಕೂರಬಾರದು, ಸಭೆಗೆ ಕಾಯಬಾರದು. ಎದೆಯ ಮೇಲೆ ಕಲ್ಲು ಇಟ್ಟ ಹಾಗೆ ಭಾರ, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹರಡುವುದು, ತಣ್ಣನೆ ಬೆವರು. ಪ್ರಜ್ಞೆ ತಪ್ಪಿ ಬೀಳುವುದು. ಒಂದು ಕಡೆಯ ಕೈಕಾಲು ಸೋತು ಮಾತು ತೊದಲುವುದು. ಸುಮ್ಮನೆ ಕೂತಿದ್ದರೂ ಏದುಸಿರು. ಹೆಂಗಸರಿಗೆ ಹೃದಯಾಘಾತ ಆಗುವಾಗ ಎದೆನೋವು ಜೋರಾಗಿ ಇಲ್ಲದೆ ಬರೀ ಉಸಿರುಕಟ್ಟು, ವಾಕರಿಕೆ, ವಿಪರೀತ ಸುಸ್ತು ಕಾಣಿಸಿಕೊಳ್ಳುವುದೂ ಉಂಟು. ಆಗ ಕೂಡಲೇ 108ಕ್ಕೆ ಫೋನ್ ಮಾಡಿ. ದುಡ್ಡು ಹೊಂದಿಸಲು ನಿಲ್ಲಬೇಡಿ, ಆಂಬುಲೆನ್ಸ್ ಉಚಿತ.

ಇಎಸ್ಐ ಚೀಟಿ ಎಲ್ಲಿದೆ?

ಖಾಸಗಿ ಆಸ್ಪತ್ರೆಗೆ ಸಾಲ ಮಾಡಿದ ಸದಸ್ಯೆಯರನ್ನು "ನಿಮಗೆ ಇಎಸ್ಐ ಇಲ್ವಾ?" ಅಂತ ಕೇಳಿದರೆ "ಏನೋ ಹಿಡೀತಾರೆ ಸಂಬಳದಲ್ಲಿ, ಗೊತ್ತಿಲ್ಲ" ಅನ್ನುತ್ತಾರೆ. ಇದು ನಮಗೆ ಬಹಳ ಬೇಸರದ ಸಂಗತಿ. ಹಿಡಿಯುವ ದುಡ್ಡು ನಿಮ್ಮದೇ! 2019ರ ಜುಲೈಯಿಂದ ನೌಕರರ ಪಾಲು 100ಕ್ಕೆ 75 ಪೈಸೆ, ಮಾಲೀಕರ ಪಾಲು 3 ರೂಪಾಯಿ 25 ಪೈಸೆ. ಅಂದರೆ 12 ಸಾವಿರ ಸಂಬಳಕ್ಕೆ ನಿಮ್ಮಿಂದ 90 ರೂಪಾಯಿ, ಕಂಪನಿಯಿಂದ 390 ರೂಪಾಯಿ ಪ್ರತಿ ತಿಂಗಳು ಹೋಗುತ್ತದೆ. 2017ರಲ್ಲಿ ನಿಗದಿ ಮಾಡಿದ ಪ್ರಕಾರ ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರು ಇದಕ್ಕೆ ಸೇರುತ್ತಾರೆ.

ಮುಖ್ಯವಾದ ವಿಷಯ ಇದು: ವೈದ್ಯಕೀಯ ಸೌಲಭ್ಯಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಕೆಲಸಕ್ಕೆ ಸೇರಿದ ದಿನದಿಂದಲೇ ನಿಮಗೂ ನಿಮ್ಮನ್ನು ಅವಲಂಬಿಸಿದ ಕುಟುಂಬಕ್ಕೂ ಇಎಸ್ಐ ಚಿಕಿತ್ಸಾಲಯದಲ್ಲಿ ಚಿಕಿತ್ಸೆ ಸಿಗುತ್ತದೆ. ಹೆಚ್ಚಿನ ತಪಾಸಣೆ ಬೇಕಾದರೆ ಅಲ್ಲಿಂದ ಚೀಟಿ ಬರೆದು ಮೈಸೂರಿನ ಇಎಸ್ಐ ಆಸ್ಪತ್ರೆಯಂಥ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ದೊಡ್ಡ ಆಪರೇಷನ್ನಿನಂಥ ವಿಶೇಷ ಚಿಕಿತ್ಸೆಗೆ ಮಾತ್ರ ಕೆಲವು ತಿಂಗಳ ಸೇವೆ ಆಗಿರಬೇಕು. ಇದಕ್ಕೆ ಬೇಕಾದದ್ದು ನಿಮ್ಮ ಹೆಸರಿನ 10 ಅಂಕಿಯ ವಿಮಾ ನಂಬರು. ಸೇರಿದ ವಾರದಲ್ಲೇ ಎಚ್‌ಆರ್ ಆಫೀಸಿನಲ್ಲಿ ಕೇಳಿ ಪಡೆಯಿರಿ, ಗಂಡ ಮಕ್ಕಳ ಹೆಸರು ಸೇರಿದೆಯೇ ನೋಡಿ, ನಿಮ್ಮ ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇದೆಯೇ ನೋಡಿ. ಒಂದು ಅಕ್ಷರ ತಪ್ಪಿದರೆ ಆಮೇಲೆ ಅಲೆದಾಟ.

ಕಾಯಿಲೆ ರಜೆಯ ಹಣ ಬೇರೆ ವಿಷಯ. ಇಎಸ್ಐ ಡಾಕ್ಟರು ಸರ್ಟಿಫಿಕೇಟ್ ಕೊಟ್ಟರೆ ಸಂಬಳದ ಶೇಕಡಾ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಸಿಗುತ್ತದೆ. ಆದರೆ ಅದಕ್ಕೆ ಆರು ತಿಂಗಳ ಅವಧಿಯಲ್ಲಿ ಕನಿಷ್ಠ 78 ದಿನದ ವಂತಿಗೆ ಕಟ್ಟಿರಬೇಕು, ಮತ್ತು ಹೊಸದಾಗಿ ಸೇರಿದವರಿಗೆ ಸೇರಿದ ದಿನದಿಂದ ಒಂಬತ್ತು ತಿಂಗಳು ಆದ ಮೇಲೆಯೇ ಅದು ಶುರುವಾಗುತ್ತದೆ. ಆದ್ದರಿಂದ ಎರಡನೇ ತಿಂಗಳಲ್ಲೇ ಹಣ ಬರಲಿಲ್ಲ ಅಂತ ಜಗಳ ಮಾಡಿ ಪ್ರಯೋಜನ ಇಲ್ಲ. ಮಾತ್ರೆ, ತಪಾಸಣೆ ಮಾತ್ರ ಆಗಲೂ ನಿಮ್ಮ ಹಕ್ಕು.

ಮೊದಲ 40 ದಿನ

ನಾವು ಗಮನಿಸಿದ ಇನ್ನೊಂದು ವಿಚಾರ ಹೇಳಬೇಕು. ಎದೆ ಡವಡವ ಹೆಚ್ಚಾಗುವುದು ಮೊದಲ ತಿಂಗಳು, ಒಂದೂವರೆ ತಿಂಗಳಲ್ಲಿ. ಸಂಬಳ ಕೈಗೆ ಬರುವುದು ಮುಂದಿನ ತಿಂಗಳ 7ನೇ ತಾರೀಕಿನ ಹೊತ್ತಿಗೆ. ಅಷ್ಟರವರೆಗೆ ಕೂಲಿಯೂ ಇಲ್ಲ, ಸಂಬಳವೂ ಇಲ್ಲ. ವ್ಯಾನಿನ ಖರ್ಚು, ಹೊಸ ಚಪ್ಪಲಿ, ಸಂಘದ ಕಂತು, ಮೈಕ್ರೋಫೈನಾನ್ಸ್ ಕಂತು ಎಲ್ಲಾ ಆಗಲೇ. ಆಗ ಹೆಣ್ಣುಮಕ್ಕಳು ಮೊದಲು ಕತ್ತರಿಸುವುದು ತಮ್ಮ ಬಾಯಿಯದು. ಬೆಳಿಗ್ಗೆ ಮಕ್ಕಳ ಡಬ್ಬಿಗೆ ಹಾಕಿ ತಾನು ಟೀ ಕುಡಿದು ವ್ಯಾನು ಹತ್ತುತ್ತಾಳೆ. ಹನ್ನೊಂದು ಗಂಟೆಗೆ ತಲೆ ಸುತ್ತುತ್ತದೆ. ಇದಕ್ಕೆ ಯಾವ ಸ್ಕ್ಯಾನಿಂಗ್ ಬೇಕು? ಒಂದು ರಾಗಿಮುದ್ದೆ, ಇಲ್ಲ ರಾತ್ರಿಯ ಅನ್ನ ಮೊಸರು ತಿಂದೇ ಹೊರಡಿ. ಹುರುಳಿ, ನುಗ್ಗೆಸೊಪ್ಪು ವಾರಕ್ಕೆ ನಾಲ್ಕು ದಿನ ಸಾರಿಗೆ ಬೀಳಲಿ, ಅದು ಹಿತ್ತಲಲ್ಲೇ ಇರುತ್ತದೆ.

ಇಲ್ಲಿ ಸಂಘ ಮಾಡಬಹುದಾದ್ದು ಇದೆ. ಸದಸ್ಯೆ ಹೊಸ ಕೆಲಸಕ್ಕೆ ಸೇರಿದಾಗ ಎರಡು ತಿಂಗಳು ಅವರ ಕಂತಿನ ಅಸಲು ಮುಂದೂಡಿ, ಬಡ್ಡಿ ಮಾತ್ರ ಕಟ್ಟಿಸಿಕೊಳ್ಳಿ ಎಂದು ನಮ್ಮ ಸಲಹೆ. ಇದನ್ನು ಸಭೆಯಲ್ಲಿ ಒಪ್ಪಿ ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಬಾಯಿಮಾತಿನಲ್ಲಿ ಬಿಟ್ಟರೆ ಮುಂದೆ ಮನಸ್ತಾಪ. ಬ್ಯಾಂಕ್ ಸಾಲದ ಕಂತಾದರೆ ಸಂಘದ ಉಳಿತಾಯದಿಂದ ಆ ಎರಡು ತಿಂಗಳು ಹೊಂದಿಸಲು ಸಾಧ್ಯವೇ ನೋಡಿ. ಗೈರುಹಾಜರಿಗೆ ದಂಡ ಹಾಕುವ ಸಂಘಗಳು ಫ್ಯಾಕ್ಟರಿಗೆ ಹೋಗುವವರ ವಿಷಯದಲ್ಲಿ ಸ್ವಲ್ಪ ಕರುಣೆ ತೋರಿಸಬೇಕು. ಐದು ರೂಪಾಯಿ ದಂಡಕ್ಕಿಂತ ಎಲ್ಲರ ಮುಂದೆ ಹೆಸರು ಕೂಗುವುದೇ ಅವರಿಗೆ ಹೆಚ್ಚು ನೋವು.

ಪರೀಕ್ಷೆ ಎಲ್ಲಾ ಸರಿ ಇದ್ದು, ಮೂರ್ನಾಲ್ಕು ವಾರವಾದರೂ ನಿದ್ರೆ ಬಾರದೆ, ಬೆಳಿಗ್ಗೆ ವ್ಯಾನಿನ ಹಾರ್ನ್ ಕೇಳಿದರೇ ಹೊಟ್ಟೆ ತೊಳಸಿದ ಹಾಗಾಗುತ್ತಿದ್ದರೆ 14416ಕ್ಕೆ ಫೋನ್ ಮಾಡಬಹುದು. ಇದು 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡುತ್ತಾರೆ. ಫೋನ್ ಮಾಡಿದ ಮಾತ್ರಕ್ಕೆ ಹುಚ್ಚು ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಬದುಕು ಸಾಕು ಎನ್ನುವ ಯೋಚನೆ ಬಂದರಂತೂ ಆ ಕ್ಷಣವೇ ಮಾಡಿ, ಪಕ್ಕದಲ್ಲಿ ಇರುವವರಿಗೆ ಹೇಳಿ.

ಟಾರ್ಗೆಟ್ ಒತ್ತಡ ಬೇರೆ, ಕೆಟ್ಟ ಮಾತು, ಮೈ ಮುಟ್ಟುವುದು ಬೇರೆ. ಅದಕ್ಕೆ ಮಾತ್ರೆ ಇಲ್ಲ, ದೂರು ಇದೆ. 2013ರ ಕಾಯಿದೆಯ ಪ್ರಕಾರ 10 ಜನ ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಆಂತರಿಕ ದೂರು ಸಮಿತಿ ಇರಲೇಬೇಕು, ಅದರ ಮುಖ್ಯಸ್ಥರು ಹೆಂಗಸೇ ಆಗಿರಬೇಕು. ಒಬ್ಬರೇ ಹೋಗಲು ಭಯವಾದರೆ ನಮ್ಮ ಕಾರ್ಯಕರ್ತೆಯರಿಗೆ ತಿಳಿಸಿ.

ಫ್ಯಾಕ್ಟರಿಗೆ ಹೋಗುವ ಸದಸ್ಯೆಯರು ಮುಂದಿನ ಭಾನುವಾರದ ಸಭೆಗೆ ಸಂಬಳದ ಚೀಟಿ ತನ್ನಿ. ವಿಮಾ ನಂಬರು ಅದರಲ್ಲಿ ಎಲ್ಲಿದೆ ಎಂದು ಒಟ್ಟಿಗೆ ಹುಡುಕೋಣ. ಅಂದೇ ಬಿಪಿ ನೋಡಲು ನಮ್ಮ ಆರೋಗ್ಯ ವಿಭಾಗದ ಸಿಸ್ಟರ್ ಬರುತ್ತಾರೆ.