ಕೈ ಮರಳಿ ಬಂದ ಊರು: ತುಮಕೂರು ಪಕ್ಕದ ಕೈದಾಳ

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೆ ಗೂಳೂರು ಸಿಗುತ್ತೆ. ಅಲ್ಲಿಂದ ಒಳದಾರಿ ಹಿಡಿದರೆ ಕೈದಾಳ. ಒಟ್ಟು ಒಂಬತ್ತು ಕಿ.ಮೀ. ಆಸುಪಾಸು. ಬೆಂಗಳೂರಲ್ಲಿ ದಿನಾ ಆಫೀಸಿಗೆ ಹೋಗಿಬರೋ ದೂರಕ್ಕಿಂತ ಕಡಿಮೆಯೇ ಇರಬಹುದು. ಆದರೂ ನನ್ನ ಜೊತೆ ಕೆಲಸ ಮಾಡುವವರಲ್ಲಿ ಬೇಲೂರು ನೋಡದವರು ಇಲ್ಲ, ಕೈದಾಳ ನೋಡಿದವರು ಸಿಗೋದು ಅಪರೂಪ. ಜಕಣಾಚಾರಿ ಹೆಸರು ಎಲ್ಲರಿಗೂ ಗೊತ್ತು. ‘ಅವನೂರು ನಮ್ಮ ತುಮಕೂರು ಹತ್ರ’ ಅಂದ್ರೆ ಮಾತ್ರ ‘ಹೌದಾ?’ ಅಂತಾರೆ.

ಕೈದಾಳ ಚಿಕ್ಕ ಹಳ್ಳಿ. ಆದರೆ ಅದಕ್ಕೆ ಎರಡು ಇತಿಹಾಸ ಇದೆ. ಒಂದು ಊರವರು ಹೇಳುವುದು, ಇನ್ನೊಂದು ಕಲ್ಲಿನ ಮೇಲೆ ಕೆತ್ತಿರುವುದು. ಎರಡೂ ಒಂದಕ್ಕೊಂದು ಹೊಂದೋದಿಲ್ಲ.

ಕೆರೆಯನ್ನೇ ನಂಬಿದ ಸೀಮೆ

ಮೊದಲು ನೆಲದ ವಿಷಯ. ತುಮಕೂರು ಸೀಮೆಯ ನೀರು ಎರಡು ದಿಕ್ಕಿಗೆ ಹರಿಯುತ್ತೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹೋಗಿ ಪೆನ್ನಾರ್ ಸೇರುತ್ತೆ. ಅದೇ ಬೆಟ್ಟಗಳಲ್ಲಿ ಹುಟ್ಟುವ ಶಿಂಷಾ ಗುಬ್ಬಿ ತಾಲೂಕಿನ ಕಡಬದ ಕೆರೆ, ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಜಲಾಶಯ ದಾಟಿ ಕಾವೇರಿಗೆ ಹೋಗುತ್ತೆ. ನದಿ ಹುಟ್ಟುವ ಸೀಮೆ ಅಂದ್ಮೇಲೆ ನೀರಿಗೇನು ಬರ ಅನ್ನಬೇಡಿ. ನದಿ ಹುಟ್ಟುವ ಜಾಗದಲ್ಲಿ ಅದು ಬರೀ ಹಳ್ಳ. ಮಳೆ ನಿಂತರೆ ಹಳ್ಳವೂ ಇಲ್ಲ.

ಹಾಗಾಗಿ ಇಲ್ಲಿನವರು ಹಿಂದಿನಿಂದಲೂ ಕೆರೆ ಕಟ್ಟಿಕೊಂಡೇ ಬದುಕಿದ್ದು. ಮೇಲಿನ ಕೆರೆ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು. ಬಯಲಲ್ಲಿ ರಾಗಿ, ಕೆರೆ ಹಿಂದೆ ತೆಂಗು, ಅಡಿಕೆ. ಈಗ ಹೇಮಾವತಿ ನಾಲೆ ಬಂದಿದೆ, ತುಮಕೂರು ನಗರಕ್ಕೆ ಕುಡಿಯುವ ನೀರೂ ಅದರಿಂದಲೇ. ಆದರೆ ಕೈದಾಳದ ಗುಡಿಗಳು ಎದ್ದ ಕಾಲಕ್ಕೆ ಕೆರೆಯೇ ಗತಿ. ಇಂಥ ನೆಲದಲ್ಲಿ ದೊಡ್ಡ ಗುಡಿ ಎದ್ದಿದೆ ಅಂದ್ರೆ, ಅದನ್ನು ಕಟ್ಟಿಸುವಷ್ಟು ಬೆಳೆ, ಕಟ್ಟುವಷ್ಟು ಜನ, ನಡೆಸುವಷ್ಟು ಆಡಳಿತ ಆ ಊರಲ್ಲಿ ಇತ್ತು ಅಂತಲೇ ಅರ್ಥ.

ಊರು ಹೇಳುವ ಕಥೆ

ನಮ್ಮಜ್ಜಿ ಹೇಳುತ್ತಿದ್ದ ಕಥೆ ಇದು. ತುಮಕೂರು ಕಡೆಯ ಮನೆಗಳಲ್ಲಿ ಇದನ್ನು ಕೇಳದೆ ಬೆಳೆದವರು ಕಡಿಮೆ. ಈ ಊರಿನ ಹಳೇ ಹೆಸರು ಕ್ರೀಡಾಪುರ. ಇಲ್ಲಿ ಹುಟ್ಟಿದ ಜಕಣ ಮದುವೆಯಾದ ಹೊಸತರಲ್ಲೇ ಉಳಿ ಹಿಡಿದು ಊರು ಬಿಟ್ಟ. ಕೆಲಸದ ಗುಂಗಿನಲ್ಲಿ ಮನೆ, ಹೆಂಡತಿ ಎಲ್ಲ ಮರೆತುಹೋಯ್ತು. ಅವನಿಗೇ ಗೊತ್ತಿಲ್ಲದೆ ಮಗ ಹುಟ್ಟಿದ. ಅವನೇ ಡಂಕಣ. ಬೆಳೆದು ದೊಡ್ಡವನಾಗಿ, ಅಪ್ಪನನ್ನು ಹುಡುಕಿಕೊಂಡು ಬೇಲೂರಿಗೆ ಬಂದ.

ಅಲ್ಲಿ ಚೆನ್ನಕೇಶವನ ಮೂರ್ತಿ ಪ್ರತಿಷ್ಠೆಗೆ ಸಿದ್ಧವಾಗಿತ್ತು. ‘ಈ ಶಿಲೆಯಲ್ಲಿ ದೋಷ ಇದೆ’ ಅಂದ ಹುಡುಗ. ಜಕಣನಿಗೆ ಕೋಪ ಬಂತು. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಅಂತ ಶಪಥ ಮಾಡಿದ. ಮೂರ್ತಿಗೆಲ್ಲಾ ಗಂಧ ಬಳಿದರು. ಮೈಯೆಲ್ಲಾ ಒಣಗಿತು, ಹೊಕ್ಕುಳ ಹತ್ತಿರ ಮಾತ್ರ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟರೆ ನೀರು, ಮರಳು, ಜೊತೆಗೊಂದು ಕಪ್ಪೆ! ಜಕಣ ಮಾತು ಉಳಿಸಿಕೊಂಡ. ಹುಡುಗ ತನ್ನ ಮಗನೇ ಅಂತ ಗೊತ್ತಾದದ್ದು ಆಮೇಲೆ.

ಕೊನೆಗೆ, ಹುಟ್ಟೂರಲ್ಲಿ ನನಗೊಂದು ಗುಡಿ ಕಟ್ಟು ಅಂತ ದೇವರ ಅಪ್ಪಣೆ ಆಯ್ತು. ಅಪ್ಪ, ಮಗ ಸೇರಿ ಕಟ್ಟಿದರು. ಕಳೆದ ಕೈ ಮತ್ತೆ ಬಂತು. ಕೈ ತಳೆದ ಊರು ಕೈದಾಳ ಆಯ್ತು.

1964ರಲ್ಲಿ ಬಿ.ಎಸ್. ರಂಗಾ ಈ ಕಥೆಯನ್ನೇ ‘ಅಮರಶಿಲ್ಪಿ ಜಕಣಾಚಾರಿ’ ಅಂತ ಬಣ್ಣದಲ್ಲಿ ಸಿನಿಮಾ ಮಾಡಿದರು. ಜಕಣನ ಪಾತ್ರ ಕಲ್ಯಾಣ್ ಕುಮಾರ್ ಅವರದು. ಈಗ ಜನವರಿ 1ರಂದು ಸರ್ಕಾರವೇ ಜಕಣಾಚಾರಿ ಸಂಸ್ಮರಣಾ ದಿನ ಆಚರಿಸುತ್ತೆ.

ಕಲ್ಲು ಹೇಳುವ ಲೆಕ್ಕ

ಇನ್ನು ಶಾಸನಕ್ಕೆ ಬರೋಣ. ಬಿ.ಎಲ್. ರೈಸ್ 1904ರಲ್ಲಿ ಹೊರತಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 12ನೇ ಸಂಪುಟದಲ್ಲಿ ತುಮಕೂರು ಜಿಲ್ಲೆಯ ಶಾಸನಗಳಿವೆ. ಕೈದಾಳದ್ದೂ ಅದರಲ್ಲಿದೆ. ಅದರ ಕಾಲ 1150–51, ಹೊಯ್ಸಳ ದೊರೆ ಒಂದನೇ ನರಸಿಂಹನ ಆಳ್ವಿಕೆ. ಇಲ್ಲಿನ ಗುಡಿಗಳನ್ನು ಕಟ್ಟಿಸಿದವನು ಅವನ ಸಾಮಂತ ಬಾಚಿ. ಗೂಳೆ ಬಾಚಿ, ಬಾಚಿದೇವ ಅಂತಲೂ ಕರೆಯುತ್ತಾರೆ. ಶಿವನಿಗೆ ಗುಡಿ, ವಿಷ್ಣುವಿಗೆ ಗುಡಿ ಕಟ್ಟಿಸಿದ್ದಲ್ಲದೆ, ಹೆಂಡತಿ ಭೀಮಲೆಯ ನೆನಪಿಗೆ ಜಿನಾಲಯವನ್ನೂ ಕಟ್ಟಿಸಿದ. ಒಬ್ಬನೇ ಯಜಮಾನ, ಒಂದೇ ಊರು, ಮೂರು ಬಗೆಯ ದೇವರು.

ಶಾಸನದಲ್ಲಿ ಜಕಣಾಚಾರಿಯ ಸುದ್ದಿಯೇ ಇಲ್ಲ. ಇನ್ನೂ ಒಂದು ತೊಡಕು ಇದೆ. ಆ ಶಾಸನವೇ ಊರನ್ನು ‘ಕಯ್ದಾಳ’ ಅಂತ ಕರೆಯುತ್ತೆ. ಗುಡಿ ಕಟ್ಟಿದ ಮೇಲೆ ಕೈ ಬಂದು, ಆಮೇಲೆ ಹೆಸರು ಬಂದಿದ್ದರೆ, ಗುಡಿಯ ಕಾಲದ ಕಲ್ಲಿನಲ್ಲೇ ಆ ಹೆಸರು ಹೇಗೆ ಬಂತು?

ವಯಸ್ಸಿನ ಲೆಕ್ಕವೂ ಹಾಗೇ. ಬೇಲೂರಿನ ಗುಡಿ 1117ರದ್ದು. ಬೆಳೆದ ಮಗನಿರುವ ಜಕಣನಿಗೆ ಆಗ ನಲವತ್ತು ಅಂತಿಟ್ಟುಕೊಳ್ಳಿ. ಕೈದಾಳದ ಗುಡಿ ಹೊತ್ತಿಗೆ ಎಪ್ಪತ್ತು ದಾಟಿರುತ್ತೆ. ಆಗಲ್ಲ ಅಂತಲ್ಲ, ಆದರೆ ಒಂದೇ ಕೈಯಲ್ಲಿ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾದಿರಬೇಕು.

ಹಾಗಾದ್ರೆ ಕಥೆ ಸುಳ್ಳಾ?

ನನಗೆ ಹಾಗನ್ನಿಸಲ್ಲ. ಬೇಲೂರಿನ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರುಗಳಿವೆ. ಅದರಲ್ಲಿ ದಾಸೋಜ ಮತ್ತು ಚಾವಣ ಅನ್ನುವವರು ಇಂದಿನ ಶಿಕಾರಿಪುರ ತಾಲೂಕಿನ ಬಳ್ಳಿಗಾವೆಯವರು. ಅವರು ಯಾರು ಗೊತ್ತಾ? ಅಪ್ಪ, ಮಗ! ಬೇಲೂರಿನ ಕೆಲವು ಮದನಿಕೆಯರು ಈ ಇಬ್ಬರ ಕೈಯಿಂದ ಬಂದವರು. ಅಂದ್ರೆ ಅಪ್ಪ ಮಗ ಒಂದೇ ಗುಡಿಯಲ್ಲಿ ಉಳಿ ಹಿಡಿದದ್ದಂತೂ ನಿಜ. ಕಪ್ಪೆಯೂ ಅಲ್ಲೇ ಇದೆ. ಬೇಲೂರಿನ ಇನ್ನೊಂದು ಕೇಶವನ ಗುಡಿಗೆ ಇವತ್ತಿಗೂ ಕಪ್ಪೆ ಚೆನ್ನಿಗರಾಯ ಅಂತಲೇ ಹೆಸರು.

ಶಾಸನ ಬರೆಸಿದವರು ದುಡ್ಡು ಕೊಟ್ಟವರು. ಹಾಗಾಗಿ ಅದರಲ್ಲಿ ಕಟ್ಟಿಸಿದವನ ಹೆಸರಿದೆ, ಕಟ್ಟಿದವರದ್ದು ಇಲ್ಲ. ಈ ಪದ್ಧತಿ ಇವತ್ತಿಗೂ ಹೋಗಿಲ್ಲ. ತಿಂಗಳುಗಟ್ಟಲೆ ರಾತ್ರಿ ಕೂತು ಮುಗಿಸಿದ ಪ್ರಾಜೆಕ್ಟಿನ ಮೊದಲ ಸ್ಲೈಡಿನಲ್ಲಿ ಯಾರ ಹೆಸರಿರುತ್ತೆ ಅಂತ ನಿಮಗೂ ಗೊತ್ತು. ಕೈದಾಳದವರು ಮಾಡಿದ್ದು ಇದಕ್ಕೆ ಉಲ್ಟಾ. ಕಟ್ಟಿಸಿದ ಬಾಚಿಯನ್ನು ಕಲ್ಲಿಗೆ ಬಿಟ್ಟು, ಕೆಲಸಗಾರನನ್ನು ಬಾಯಲ್ಲಿ ಉಳಿಸಿಕೊಂಡರು. ಊರಿನ ಹೆಸರಲ್ಲೇ ಅವನ ಕೈ ಕಂಡರು. ತಪ್ಪು ತೋರಿಸಿದ ಕಿರಿಯನನ್ನೂ ಮರೆಯಲಿಲ್ಲ.

ಆದರೆ ಒಂದು ಬೇಸರ ಇದೆ. ಕಥೆಯ ಅಬ್ಬರದಲ್ಲಿ ಭೀಮಲೆಯನ್ನು ಯಾರೂ ನೆನೆಯುವುದಿಲ್ಲ. ಅವಳಿಗಾಗಿ ಒಂದು ಬಸದಿ ಎದ್ದಿತ್ತು ಅನ್ನೋದು ಶಾಸನ ಓದಿದವರಿಗಷ್ಟೇ ಗೊತ್ತು. ಕಥೆಯಲ್ಲೂ ಅಷ್ಟೇ, ಒಬ್ಬಳೇ ಮಗನನ್ನು ಸಾಕಿ ಬೆಳೆಸಿದ ಜಕಣನ ಹೆಂಡತಿ ಮೂಲೆಯಲ್ಲೇ ಉಳಿಯುತ್ತಾಳೆ. ಮಕ್ಕಳಿಗೆ ಕೈದಾಳದ ಕಥೆ ಹೇಳುವಾಗ ಈ ಇಬ್ಬರನ್ನೂ ಸೇರಿಸಿಕೊಂಡರೆ ಊರಿನ ಇತಿಹಾಸ ಇನ್ನಷ್ಟು ಪೂರ್ತಿಯಾದೀತು.

ಹೋಗೋದಾದ್ರೆ

ಅರ್ಧ ದಿನ ಸಾಕು. ಬೇಲೂರಿನ ವೈಭವ ನೆನೆದುಕೊಂಡು ಹೋಗಬೇಡಿ, ಇದು ಹಳ್ಳಿಯ ನಡುವಿನ ಗುಡಿ. ಒಳಗೆ ಸುಮಾರು ಐದೂವರೆ ಅಡಿಯ ಚೆನ್ನಕೇಶವ. ಸುತ್ತಲಿನ ಪ್ರಭಾವಳಿಯಲ್ಲಿ ದಶಾವತಾರ ಕೆತ್ತಿದ್ದಾರೆ, ನಿಧಾನಕ್ಕೆ ನೋಡಿ. ಮಹಾದ್ವಾರದಲ್ಲಿ ನಿಂತಿರುವ ಒಂದು ಸಣ್ಣ ಮನುಷ್ಯನ ಉಬ್ಬುಶಿಲ್ಪವನ್ನು ಜಕಣಾಚಾರಿಯದ್ದೇ ಅಂತ ತೋರಿಸುತ್ತಾರೆ. ಗಂಗಾಧರೇಶ್ವರನ ಗುಡಿಯನ್ನೂ ಬಿಡಬೇಡಿ.

ಕಾರ್ತಿಕ ಮಾಸದಲ್ಲಿ ಹೋದರೆ ಗೂಳೂರಿನ ಗಣಪನೂ ಸಿಗುತ್ತಾನೆ. ಎಲ್ಲ ಕಡೆ ಚೌತಿ ಮುಗಿದು ಗಣಪ ನೀರಿಗೆ ಹೋದ ಮೇಲೆ ಇಲ್ಲಿ ಪೂಜೆ ಶುರು. ಬಲಿಪಾಡ್ಯಮಿಯಿಂದ ತಿಂಗಳುಗಟ್ಟಲೆ ಪೂಜೆ ನಡೆದು, ಆ ದೊಡ್ಡ ಮಣ್ಣಿನ ಮೂರ್ತಿ ಕೊನೆಗೆ ಊರಿನ ಕೆರೆಗೆ ಹೋಗುತ್ತೆ. ಕೆರೆಯ ಮಣ್ಣು ಕೆರೆಗೇ ಸೇರುವ ಲೆಕ್ಕ.

ನಿಮ್ಮೂರಿನ ಹೆಸರಿಗೂ ಇಂಥದ್ದೊಂದು ಕಥೆ ಇರಬಹುದು. ಅಜ್ಜಿಯನ್ನೋ ಮಾವನನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಆಮೇಲೆ ಊರಿನ ಶಾಸನ ಏನು ಹೇಳುತ್ತೆ ಅಂತಲೂ ಹುಡುಕಿ. ಎರಡೂ ಹೊಂದದಿದ್ದರೆ ಎರಡನ್ನೂ ನಮಗೆ ಬರೆದು ಕಳಿಸಿ.