ಬಿಗಿ ಟೈರು ಬಿಚ್ಚುವ ಬಗೆ



ಊರೂರಿಗೂ ಮೋಟಾರು ಬೈಕು ಬಂದಿದೆ. ಆದರೂ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಸೈಕಲ್ಲಿನ ಕೆಲಸ ಮುಗಿದಿಲ್ಲ. ಹಾಲಿನ ಕ್ಯಾನು ಡೈರಿಗೆ ಹೋಗುವುದೂ, ಹುಲ್ಲಿನ ಹೊರೆ ಹಟ್ಟಿಗೆ ಬರುವುದೂ ಎಷ್ಟೋ ಮನೆಗಳಲ್ಲಿ ಇದರ ಮೇಲೆಯೇ. 2006-07ರಲ್ಲಿ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ, ಸೈಕಲ್ಲೇ ಇಲ್ಲದಿದ್ದ ಮನೆಗಳಿಗೂ ಅದು ಬಂದಿತು.

ಪಂಕ್ಚರ್ ಹಾಕುವುದು ದೊಡ್ಡ ವಿದ್ಯೆಯಲ್ಲ. ಕಷ್ಟವಿರುವುದು ಅದಕ್ಕೂ ಮೊದಲು, ರಿಮ್ಮನ್ನು ಕಚ್ಚಿಕೊಂಡಿರುವ ಟೈರನ್ನು ಬಿಚ್ಚುವುದರಲ್ಲಿ. ಹಾಲು ಕರೆದಾಗಿದೆ, ಹೊತ್ತು ಮೀರುತ್ತಿದೆ ಎಂಬ ಆತುರದಲ್ಲಿ ಕೈಗೆ ಸಿಕ್ಕಿದ ಕುಡುಗೋಲನ್ನೋ ಸ್ಕ್ರೂ ಡ್ರೈವರನ್ನೋ ತೂರಿಸಿ ಮೀಟುವುದುಂಟು. ಒಂದು ತೂತಿದ್ದ ಟ್ಯೂಬಿಗೆ ಆಗ ಮೂರು ತೂತಾಗುತ್ತವೆ. ಟೈರಿನ ಅಂಚು ಹರಿಯುತ್ತದೆ, ರಿಮ್ಮು ಸೊಟ್ಟಗಾಗುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಹೊಸ ಟೈರಿನ ಖರ್ಚು ಬೀಳುತ್ತದೆ.

ಬಳೆಗಾರನಿಂದ ಕಲಿಯುವ ಪಾಠ

ಘಾಟಿ ಸುಬ್ರಹ್ಮಣ್ಯದ ಜಾತ್ರೆಯಲ್ಲಾಗಲಿ, ನಿಮ್ಮ ಊರಿನ ಸಂತೆಯಲ್ಲಾಗಲಿ ಬಳೆ ತೊಡಿಸುವುದನ್ನು ನೋಡಿದ್ದೀರಿ. ಬಳೆ ಹಿಗ್ಗುವುದಿಲ್ಲ. ಬಳೆಗಾರನು ಬಳೆಯ ಮೇಲೆ ಬಲ ತೋರಿಸುವುದೂ ಇಲ್ಲ. ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಕೈಯನ್ನೇ ಕುಗ್ಗಿಸಿ, ಬಳೆಯನ್ನು ಜಾರಿಸುತ್ತಾನೆ.

ಟೈರಿನದೂ ಇದೇ ಲೆಕ್ಕ. ಅದರ ಎರಡು ಅಂಚುಗಳ ಒಳಗೆ ಒಂದೊಂದು ಉಕ್ಕಿನ ತಂತಿಯ ಬಳೆ ಇರುತ್ತದೆ. ದೊಡ್ಡ 28ರ ಸೈಕಲ್ಲಿನಲ್ಲಿ ಇದರ ಸುತ್ತಳತೆ ಸುಮಾರು 2 ಮೀಟರು. ಈ ತಂತಿ ಹಿಗ್ಗುವುದಿಲ್ಲ, ಹಿಗ್ಗಲೂಬಾರದು. ಗಾಳಿ ತುಂಬಿದಾಗ ಟೈರು ರಿಮ್ಮಿನಿಂದ ಹಾರಿಹೋಗದಂತೆ ಹಿಡಿದಿರುವುದು ಅದೇ. ಹಾಗಾದರೆ ಬಿಚ್ಚುವುದು ಹೇಗೆ? ರಿಮ್ಮಿನ ಒಳಭಾಗವನ್ನು ನೋಡಿರಿ. ಎರಡು ದಡಗಳ ನಡುವೆ ಒಂದು ತಗ್ಗು ಇದೆ. ಟೈರಿನ ಅಂಚನ್ನು ಒಂದು ಕಡೆ ಆ ತಗ್ಗಿಗೆ ಇಳಿಸಿದರೆ, ಎದುರು ಕಡೆ ಅಷ್ಟು ಸಡಿಲ ಸಿಗುತ್ತದೆ. ಹೆಬ್ಬೆರಳು ಮಡಿಸಿದಂತೆಯೇ ಇದೂ.

ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ ಡನ್‌ಲಪ್ ಎಂಬ ಪಶುವೈದ್ಯರು 1888ರಲ್ಲಿ ಗಾಳಿ ತುಂಬುವ ಟೈರನ್ನು ಬಳಕೆಗೆ ತಂದರು. ಅದನ್ನು ಚಕ್ರಕ್ಕೆ ಅಂಟಿಸಿಬಿಡುತ್ತಿದ್ದುದರಿಂದ ಬಿಚ್ಚಿ ರಿಪೇರಿ ಮಾಡುವುದು ಬಹು ತ್ರಾಸದ ಕೆಲಸವಾಗಿತ್ತು. 1890ರಲ್ಲಿ ಇಂಗ್ಲೆಂಡಿನ ವೆಲ್ಚ್ ಎಂಬುವರು ಅಂಚಿನಲ್ಲಿ ತಂತಿಯಿರುವ ಟೈರಿಗೆ ಪೇಟೆಂಟ್ ಪಡೆದರು. ಇಂದು ನಿಮ್ಮ ಸೈಕಲ್ಲಿನಲ್ಲಿರುವುದು ಅದೇ ಜಾತಿಯ ಟೈರು. ಬಿಚ್ಚಲು ಬರಲಿ ಎಂದೇ ಮಾಡಿದ ವಸ್ತು ಇದು. ಅದರ ದಾರಿ ತಿಳಿದಿರಬೇಕು, ಅಷ್ಟೆ.

ಬಿಗಿಯಾಗುವುದೇಕೆ?

ಮೊದಲನೆಯ ಕಾರಣ ತುಕ್ಕು. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿಗೆ ರಬ್ಬರು ಕಚ್ಚಿಕೊಳ್ಳುತ್ತದೆ. ಗಾಳಿಯಿಲ್ಲದೆ ತಿಂಗಳುಗಟ್ಟಲೆ ನಿಲ್ಲಿಸಿದ ಸೈಕಲ್ಲಿನಲ್ಲಿ ಇದು ಹೆಚ್ಚು.

ಎರಡನೆಯದು ನಾವೇ ಮಾಡುವ ಎಡವಟ್ಟು. ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದಿರಲೆಂದು ರಿಮ್ಮಿನ ಒಳಗೆ ಪಟ್ಟಿ ಸುತ್ತುತ್ತಾರೆ. ಅದು ಹರಿದಾಗ ಹಳೆಯ ಟ್ಯೂಬನ್ನೋ ಬಟ್ಟೆಯನ್ನೋ ಎರಡು ಮೂರು ಸುತ್ತು ಸುತ್ತಿಬಿಡುತ್ತೇವೆ. ತಗ್ಗು ತುಂಬಿಹೋಗುತ್ತದೆ. ಸುತ್ತಲೂ 1 ಮಿಲಿಮೀಟರು ದಪ್ಪ ಏರಿದರೆ ಸುತ್ತಳತೆ 6 ಮಿಲಿಮೀಟರಿಗೂ ಮೇಲೆ ಏರುತ್ತದೆ. ಆದುದರಿಂದ ಪಟ್ಟಿ ತೆಳುವಾಗಿರಲಿ, ಒಂದೇ ಸುತ್ತು ಇರಲಿ.

ಮೂರನೆಯದು ಅಳತೆಯ ತಪ್ಪು. ಇದನ್ನು ಕೊನೆಗೆ ಹೇಳುತ್ತೇವೆ.

ಬಿಚ್ಚುವ ಕ್ರಮ

1. ಸೈಕಲ್ಲನ್ನು ಗೋಣಿಚೀಲದ ಮೇಲೆ ತಲೆಕೆಳಗಾಗಿ ನಿಲ್ಲಿಸಿರಿ. ವಾಲ್ವ್ ತೆಗೆದು ಗಾಳಿಯನ್ನು ಪೂರ್ತಿ ಬಿಡಿರಿ. ವಾಲ್ವಿನ ಬುಡದಲ್ಲಿ ರಿಮ್ಮಿಗೆ ಬಿಗಿದಿರುವ ನಟ್ಟನ್ನೂ ಬಿಚ್ಚಿರಿ. ಅರೆಗಾಳಿ ಉಳಿದರೆ ಅಂಚು ತಗ್ಗಿಗೆ ಇಳಿಯದು.

2. ಟೈರಿನ ಪಕ್ಕೆಯನ್ನು ಎರಡು ಹೆಬ್ಬೆರಳುಗಳಿಂದ ಒತ್ತುತ್ತಾ ಸುತ್ತಲೂ ಬನ್ನಿರಿ. ಎರಡೂ ಬದಿಯಲ್ಲಿ ಅಂಚು ರಿಮ್ಮಿನ ದಡದಿಂದ ಬಿಡಬೇಕು. ಬಿಡದಿದ್ದರೆ ಸೋಪಿನ ನೀರು ಸವರಿ ಸ್ವಲ್ಪ ಹೊತ್ತು ಬಿಡಿರಿ. ಚಳಿಗಾಲದ ಬೆಳಗಿನಲ್ಲಿ ರಬ್ಬರು ಪೆಡಸಾಗಿರುತ್ತದೆ. ಎಳೆಬಿಸಿಲಿಗೆ ಇಟ್ಟರೆ ಮೆದುವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಚಕ್ರವನ್ನು ಕಳಚಿ ಮಲಗಿಸಿ, ಟೈರಿನ ಪಕ್ಕೆಯನ್ನು ಮಾತ್ರ ಹಿಮ್ಮಡಿಯಿಂದ ತುಳಿಯಿರಿ. ರಿಮ್ಮಿನ ಮೇಲಾಗಲಿ ಕಡ್ಡಿಗಳ ಮೇಲಾಗಲಿ ಭಾರ ಬೀಳಬಾರದು.

3. ಈಗ ಮುಖ್ಯ ಹೆಜ್ಜೆ. ವಾಲ್ವಿಗೆ ನೇರ ಎದುರಿನ ಭಾಗದಿಂದ ಆರಂಭಿಸಿ, ಅಂಚನ್ನು ಹಿಸುಕಿ ನಡುವಿನ ತಗ್ಗಿಗೆ ಇಳಿಸುತ್ತಾ ಎರಡು ಕಡೆಯಿಂದಲೂ ವಾಲ್ವಿನತ್ತ ಬನ್ನಿರಿ. ವಾಲ್ವ್ ಇರುವಲ್ಲಿ ಅದರ ಬುಡ ಅಡ್ಡ ನಿಲ್ಲುವುದರಿಂದ ಅಂಚು ತಗ್ಗಿಗೆ ಇಳಿಯಲಾರದು. ಸಡಿಲವೆಲ್ಲ ಅಲ್ಲಿಗೆ ಬಂದು ಸೇರಬೇಕು.

4. ವಾಲ್ವಿನಿಂದ ನಾಲ್ಕು ಬೆರಳು ಆಚೆಗೆ ಮೊದಲನೆಯ ಲಿವರನ್ನು ತೂರಿಸಿ, ಅಂಚನ್ನು ಎತ್ತಿ, ಲಿವರಿನ ಬಾಲವನ್ನು ಕಡ್ಡಿಗೆ ಸಿಕ್ಕಿಸಿರಿ. ಅಲ್ಲಿಂದ ನಾಲ್ಕು ಬೆರಳು ದೂರದಲ್ಲಿ ಎರಡನೆಯದು. ಬೇಕಾದರೆ ಮೂರನೆಯದು. ಒಂದೇ ಸಲಕ್ಕೆ ಗೇಣುದ್ದ ಎತ್ತಲು ಹೋಗಬೇಡಿರಿ. ಗಟ್ಟಿಯೆನಿಸಿದರೆ ಬಲ ಹೆಚ್ಚಿಸದೆ ನಿಲ್ಲಿಸಿ, ಎದುರು ಭಾಗದ ಅಂಚು ತಗ್ಗಿನಿಂದ ಮೇಲೆ ಬಂದಿದೆಯೇ ನೋಡಿರಿ. ಬಹುಮಟ್ಟಿಗೆ ಬಂದೇ ಇರುತ್ತದೆ.

5. ಪಂಕ್ಚರಿಗೆ ಒಂದು ಬದಿಯ ಅಂಚು ಹೊರಬಂದರೆ ಸಾಕು. ಟ್ಯೂಬನ್ನು ಹೊರಕ್ಕೆ ಎಳೆದುಕೊಂಡು ತೇಪೆ ಹಾಕಿರಿ. ಟೈರಿನ ಒಳಮೈಯನ್ನು ಬಟ್ಟೆಯಿಂದ ಒರಸಿ ನೋಡಿರಿ. ಮುರಿದ ಜಾಲಿಮುಳ್ಳು ಒಳಗೇ ಉಳಿದರೆ ತೇಪೆ ಹಾಕಿದ್ದು ವ್ಯರ್ಥ.

ಲಿವರು ಇಲ್ಲದಿದ್ದರೆ ಗಟ್ಟಿ ಚಮಚದ ನುಣುಪಾದ ಹಿಡಿ ಆದೀತು. ಅಲಗು, ಮೊನೆ ಇರುವ ಯಾವುದೂ ಬೇಡ. ಸೀಮೆಎಣ್ಣೆ, ಗ್ರೀಸು, ಯಂತ್ರದ ಎಣ್ಣೆಗಳನ್ನು ಸವರಲೇಬಾರದು. ಅವು ರಬ್ಬರನ್ನು ಉಬ್ಬಿಸಿ ಕೆಡಿಸುತ್ತವೆ, ತೇಪೆಯೂ ಹಿಡಿಯುವುದಿಲ್ಲ.

ಮರಳಿ ಹಾಕುವಾಗ

ಟ್ಯೂಬು ದುಂಡಗಾಗುವಷ್ಟು ಮಾತ್ರ ಗಾಳಿ ಹಾಕಿ ಒಳಗಿಡಿರಿ. ಅಂಚನ್ನು ವಾಲ್ವಿನ ಎದುರಿನಿಂದ ಆರಂಭಿಸಿ ವಾಲ್ವಿನ ಬಳಿಯೇ ಮುಗಿಸಿರಿ. ಕೊನೆಯ ಗೇಣಿಗೆ ಬಂದಾಗ ಆ ಗಾಳಿಯನ್ನೂ ಬಿಟ್ಟು, ಅಂಚನ್ನು ಮತ್ತೊಮ್ಮೆ ತಗ್ಗಿಗೆ ಒತ್ತಿ, ಅಂಗೈಯಿಂದ ಉರುಳಿಸಿರಿ. ಇಲ್ಲಿ ಲಿವರು ಹಾಕಿದರೆ ಟ್ಯೂಬು ಸಿಕ್ಕಿ ಹರಿಯುತ್ತದೆ. ವಾಲ್ವನ್ನು ಒಮ್ಮೆ ಒಳಕ್ಕೆ ತಳ್ಳಿ ಬಿಟ್ಟು, ಅಂಚಿನ ಕೆಳಗೆ ಟ್ಯೂಬು ಸಿಕ್ಕಿಲ್ಲವೆಂದು ಖಚಿತಮಾಡಿಕೊಂಡು ಗಾಳಿ ತುಂಬಿರಿ.

ಅಂಚಿನ ತಂತಿ ಹರಿದಿದ್ದರೆ ಅಥವಾ ಮಡಿಸಿಹೋಗಿದ್ದರೆ ಆ ಟೈರಿನ ಆಸೆ ಬಿಡಿರಿ. ತುಂಬಿದ ಕ್ಯಾನು ಹೊತ್ತು ಇಳಿಜಾರಿನಲ್ಲಿ ಹೋಗುವಾಗ, ಹಿಂದೆ ಮಗು ಕೂತಿರುವಾಗ, ಅದು ರಿಮ್ಮಿನಿಂದ ಕಳಚಬಹುದು. ಉಳಿಸಿದ ಹಣಕ್ಕಿಂತ ಆ ಪೆಟ್ಟು ದೊಡ್ಡದು.

ಟೈರು ಕೊಳ್ಳುವಾಗ

ಬರಿಯ "28" ಎಂದು ಕೇಳಿ ತರಬೇಡಿರಿ. ಪಕ್ಕೆಯ ಮೇಲೆ 40-635 ಎಂಬಂತೆ ಅಚ್ಚಾಗಿರುವ ಅಂಕೆಗಳನ್ನು ಓದಿರಿ. ಮೊದಲನೆಯದು ಟೈರಿನ ಅಗಲ. ಎರಡನೆಯದು ರಿಮ್ಮಿನ ಮೇಲೆ ಅಂಚು ಕೂರುವಲ್ಲಿನ ವ್ಯಾಸ. ಎರಡೂ ಮಿಲಿಮೀಟರಿನಲ್ಲಿವೆ. ಹಳೆಯ ದೊಡ್ಡ ಸೈಕಲ್ಲಿನ 28 × 1½ ಟೈರಿಗೆ ಎರಡನೆಯ ಅಂಕೆ 635. ಇನ್ನೊಂದು ಬಗೆಯ 28ಕ್ಕೆ ಅದು 622. ವ್ಯತ್ಯಾಸ ಹದಿಮೂರೇ ಮಿಲಿಮೀಟರು, ಆದರೆ ಸುತ್ತಳತೆಯಲ್ಲಿ ಸುಮಾರು 4 ಸೆಂಟಿಮೀಟರು. 622ರ ಟೈರನ್ನು 635ರ ರಿಮ್ಮಿಗೆ ಯಾವ ಬಲದಿಂದಲೂ ಕೂರಿಸಲಾಗದು. 26ರಲ್ಲಂತೂ 559, 584, 590 ಎಂಬ ಬೇರೆ ಬೇರೆ ಅಳತೆಗಳಿವೆ.

ನಿಮ್ಮ ಟೈರಿನ ಅಂಕೆಯನ್ನು ಇಂದೇ ನೋಡಿ, ಹಾಲಿನ ಲೆಕ್ಕದ ಪುಸ್ತಕದ ಮೂಲೆಯಲ್ಲಿ ಬರೆದಿಡಿರಿ. ಮೂರು ಲಿವರು, ತೇಪೆಯ ಡಬ್ಬಿ, ಒಂದು ತುಂಡು ಸೋಪನ್ನು ಪಂಪಿನ ಜೊತೆಯಲ್ಲಿ ಕಟ್ಟಿಡಿರಿ. ಬಿಡುವಿನ ಒಂದು ಸಂಜೆ ಮಕ್ಕಳನ್ನು ಕೂರಿಸಿಕೊಂಡು, ಪಂಕ್ಚರಿಲ್ಲದ ಚಕ್ರದ ಮೇಲೆಯೇ ಒಮ್ಮೆ ಬಿಚ್ಚಿ ಹಾಕಿ ಅಭ್ಯಾಸ ಮಾಡಿರಿ. ಶಾಲೆಯ ದಾರಿಯಲ್ಲಿ ಗಾಳಿ ಇಳಿದಾಗ ಅವರ ಜೊತೆಯಲ್ಲಿ ನೀವಿರುವುದಿಲ್ಲ. ಈ ಕೈಕೆಲಸ ಇರುತ್ತದೆ.