ಟಾಯ್ಲೆಟ್ ಪೇಪರ್ ಎಲ್ಲಿ ಹೋಯಿತು?

ಪ್ರಶ್ನೆ: 2020ರಲ್ಲಿ ಅಮೆರಿಕ, ಆಸ್ಟ್ರೇಲಿಯಾದ ಅಂಗಡಿಗಳಲ್ಲಿ ಟಾಯ್ಲೆಟ್ ಪೇಪರ್ ಏಕೆ ಖಾಲಿಯಾಯಿತು?

ಉತ್ತರ: ಜನ ಮುಗಿಬಿದ್ದು ಕೊಂಡದ್ದು ನಿಜ, ಆದರೆ ತಪ್ಪೆಲ್ಲ ಅವರದಲ್ಲ. ಕೊರೊನಾದಿಂದ ಆಫೀಸು, ಶಾಲೆ ಮುಚ್ಚಿ ಬಳಕೆಯೆಲ್ಲ ಮನೆಗೆ ಬಂತು. ಆಫೀಸಿನ ಸುರುಳಿಯೇ ಬೇರೆ: ದೊಡ್ಡದು, ತೆಳ್ಳನೆಯದು, ಅದರ ಸಾಗಣೆ, ಗಿರಾಕಿ ಎಲ್ಲ ಬೇರೆ. ಮನೆಯ ಸುರುಳಿ ಮಾಡುವ ಯಂತ್ರಗಳೋ ಮೊದಲೇ ಹಗಲುರಾತ್ರಿ ಓಡುತ್ತಿದ್ದವು. ಜೊತೆಗೆ ಇದು ಹಗುರವಾದರೂ ಜಾಗ ತಿನ್ನುವ ಸರಕು. ಗೋದಾಮಿನಲ್ಲಿ ಯಾರೂ ಹೆಚ್ಚು ಪೇರಿಸಿಡುವುದಿಲ್ಲ. ನಾಲ್ಕು ಜನ ಹೆಚ್ಚು ಕೊಂಡರೂ ಕಪಾಟು ಬೋಳು. ಆ ಬೋಳು ಕಂಡವರು ಇನ್ನೆರಡು ಕಟ್ಟು ಹೊರುತ್ತಾರೆ.

ಚೊಂಬಿರುವ ನಮಗೆ ನಗು ಬಂದೀತು. ಆದರೆ ಅದೇ ವರ್ಷ ಮಾರ್ಚ್ 24ರ ರಾತ್ರಿ, ಲಾಕ್‌ಡೌನ್ ಘೋಷಣೆಯಾದೊಡನೆ ದಿನಸಿ ಅಂಗಡಿಗೆ ಓಡಿದವರು ನಾವೇ!